ಬೆಸುಗೆಯ ಬೆಳಕು

ಸೊಲ್ಲಾಪುರದಿಂದ ಹೊರಟ ಹೆದ್ದಾರಿಯು ಭೀಮಾ ನದಿಯನ್ನು ದಾಟಿ, ಕರ್ನಾಟಕದ ನೆಲವನ್ನು ಪ್ರವೇಶಿಸಿ, ವಿಜಯಪುರದ ಕಡೆಗೆ ಸಾಗುವಾಗ ಸಿಗುವ ಊರುಗಳಲ್ಲಿ ಝಳಕಿಯೂ ಒಂದು. ಸುತ್ತಲೂ ಕರಿಮಣ್ಣಿನ ಬಯಲು. ಬಿಳಿಜೋಳ, ತೊಗರಿ, ಕಬ್ಬು, ಲಿಂಬೆ, ದ್ರಾಕ್ಷಿಗಳ ಸೀಮೆ. ಬೇಸಿಗೆಯ ನಡುಹಗಲಿನಲ್ಲಿ ಈ ಬಯಲಿನ ಮೇಲೆ ಕಣ್ಣು ಬಿಟ್ಟು ನೋಡುವುದೇ ಕಷ್ಟ. ಊರಿನ ಹೆಸರಿನಲ್ಲಿಯೇ ‘ಝಳ’ ಎಂಬ ಮಾತು ಅಡಗಿರುವುದು ಕಾಕತಾಳೀಯವಿರಬಹುದಾದರೂ ಕೇಳಲು ಸೊಗಸಾಗಿದೆ.

ಇಂತಹ ಹೆದ್ದಾರಿಯೂರುಗಳಲ್ಲಿ ಸೂರ್ಯನ ಝಳವಲ್ಲದೆ ಇನ್ನೊಂದು ಝಳವೂ ಉಂಟು. ಕಬ್ಬು ಹೇರುವ ಟ್ರೇಲರಿನ ಮುರಿದ ಪಟ್ಟಿಯನ್ನು ಕೂಡಿಸಬೇಕು. ದ್ರಾಕ್ಷಿಯ ಚಪ್ಪರಕ್ಕೆ ಕಬ್ಬಿಣದ ಕಂಬಗಳನ್ನು ಸಿದ್ಧಪಡಿಸಬೇಕು. ಕೊಳವೆ ಬಾವಿಯ ಪೈಪನ್ನು ಜೋಡಿಸಬೇಕು. ರಂಟೆ, ಕುಂಟೆ, ಕೂರಿಗೆಗಳೂ ಈಗ ಮರವನ್ನು ಬಿಟ್ಟು ಕಬ್ಬಿಣಕ್ಕೆ ಬಂದಿವೆ. ಈ ಎಲ್ಲ ಕೆಲಸವೂ ನಡೆಯುವುದು ರಸ್ತೆಯ ಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ. ತಗಡಿನ ಮಾಡು, ಮುಂದೆ ಒಂದಿಷ್ಟು ಬಯಲು, ಮೂಲೆಯಲ್ಲಿ ಗುಂಯ್‌ಗುಟ್ಟುವ ಯಂತ್ರ, ಅಂಗಡಿಯೆಂದರೆ ಇಷ್ಟೆ. ಸಂಜೆಯ ಮಬ್ಬಿನಲ್ಲಿ ಆ ಬಯಲಿನಿಂದ ನೀಲಿ ಬೆರೆತ ಬಿಳಿಯ ಬೆಳಕು ಚಕ್ಕನೆ ಹೊಮ್ಮಿದಾಗ, ದಾರಿಯಲ್ಲಿ ಹೋಗುವವರ ದೃಷ್ಟಿ ತಾನಾಗಿಯೇ ಅತ್ತ ಹೊರಳುವುದು. ಶಾಲೆಯಿಂದ ಮನೆಗೆ ಮರಳುವ ಮಕ್ಕಳಂತೂ ನಿಂತೇ ನೋಡುವರು. ಬೆಳಕು ಕಂಡತ್ತ ತಿರುಗುವುದು ಕಣ್ಣಿನ ಸಹಜ ಗುಣ. ಆದರೆ ಈ ಬೆಳಕಿನ ಮಟ್ಟಿಗೆ ಆ ಗುಣವೇ ಕಣ್ಣಿಗೆ ಶತ್ರುವಾಗುವುದು.

ಹಿಂದಿನ ಕಾಲದಲ್ಲಿ ಊರಿನ ಕಬ್ಬಿಣದ ಕೆಲಸವೆಲ್ಲ ಕಂಬಾರನ ಕುಲುಮೆಯಲ್ಲಿ ಆಗುತ್ತಿತ್ತು. ತಿದಿಯೊತ್ತಿ ಇದ್ದಿಲನ್ನು ಉರಿಸಿ, ಕೆಂಪಗೆ ಕಾದ ಎರಡು ತುಂಡುಗಳನ್ನು ಒಂದರ ಮೇಲೊಂದಿರಿಸಿ ಸುತ್ತಿಗೆಯಿಂದ ಬಡಿದು ಅವನು ಬೆಸೆಯುತ್ತಿದ್ದನು. ಆ ಬೆಂಕಿಯ ಬಣ್ಣ ಕೆಂಪು, ಹೆಚ್ಚೆಂದರೆ ಹಳದಿ. ಅದನ್ನು ಮಕ್ಕಳು ಗಂಟೆಗಟ್ಟಲೆ ನೋಡುತ್ತ ಕುಳಿತರೂ ರಾತ್ರಿ ಕಣ್ಣುರಿಯಿಂದ ಎದ್ದು ಅಳುತ್ತಿರಲಿಲ್ಲ. ಕುಲುಮೆಗೂ ವಿದ್ಯುತ್ ಬೆಸುಗೆಗೂ ಇರುವ ಅಂತರವೇನೆಂಬುದನ್ನು ತಿಳಿಯಬೇಕಾದರೆ ಬೆಳಕಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು.

ವಿದ್ಯುತ್ ಬೆಸುಗೆಯಲ್ಲಿ ಯಂತ್ರದಿಂದ ಬಂದ ಎರಡು ತಂತಿಗಳಲ್ಲಿ ಒಂದನ್ನು ಬೆಸೆಯಬೇಕಾದ ಕಬ್ಬಿಣಕ್ಕೂ, ಇನ್ನೊಂದನ್ನು ಬೆಸುಗೆಗಾರನ ಕೈಯಲ್ಲಿರುವ ಹಿಡಿಕೆಗೂ ಜೋಡಿಸಿರುತ್ತಾರೆ. ಹಿಡಿಕೆಯ ತುದಿಯಲ್ಲಿ ರಾಡು ಇರುವುದು. ರಾಡಿನ ತುದಿಯನ್ನು ಕಬ್ಬಿಣಕ್ಕೆ ತಾಗಿಸಿ, ಎರಡು ಮೂರು ಮಿಲಿಮೀಟರಿನಷ್ಟು ಮೇಲೆತ್ತಿದಾಗ, ನಡುವಿನ ಆ ಅತ್ಯಲ್ಪ ಅಂತರದಲ್ಲಿ ಗಾಳಿಯೇ ವಿದ್ಯುದ್ವಾಹಕವಾಗಿ ಪರಿಣಮಿಸಿ, ನೂರು ಆಂಪಿಯರಿನಷ್ಟು ಪ್ರವಾಹ ಅದರ ಮೂಲಕ ಹರಿಯತೊಡಗುವುದು. ಇದನ್ನೇ ವಿದ್ಯುತ್ ಚಾಪವೆನ್ನುವರು. ಕಬ್ಬಿಣ ಕರಗಲು ೧೫೩೮ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಚಾಪದ ಉಷ್ಣತೆಯಾದರೋ ಐದಾರು ಸಾವಿರ ಡಿಗ್ರಿಗಳನ್ನು ಮುಟ್ಟುವುದು. ಸೂರ್ಯನ ಹೊರಮೈಯ ಉಷ್ಣತೆ ಸುಮಾರು ೫೫೦೦ ಡಿಗ್ರಿ. ಹೀಗಾಗಿ ಅಂಗಡಿಯ ಮುಂದೆ ಉರಿಯುವುದು ಕಡಲೆಕಾಳಿನಷ್ಟು ಗಾತ್ರದ ಒಂದು ಸೂರ್ಯ ಎಂದರೆ ಉತ್ಪ್ರೇಕ್ಷೆಯಾಗದು. ನಿಜವಾದ ಸೂರ್ಯನಿಗೂ ನಮಗೂ ನಡುವೆ ಹದಿನೈದು ಕೋಟಿ ಕಿಲೋಮೀಟರ್ ದೂರವೂ, ಕೇಡಿನ ಕಿರಣಗಳನ್ನು ಸೋಸುವ ಓಝೋನ್ ಪದರವೂ ಇವೆ. ಈ ಪುಟ್ಟ ಸೂರ್ಯನಿಗೂ ಅದರೆದುರು ಕುಳಿತವನಿಗೂ ನಡುವೆ ಇರುವುದು ಒಂದು ಮೊಳದ ಅಂತರ ಮಾತ್ರ.

ಈ ವಿದ್ಯೆ ತೀರ ಹಳೆಯದೇನೂ ಅಲ್ಲ. ೧೮೦೨ರಲ್ಲಿ ರಷ್ಯಾದ ವಾಸಿಲಿ ಪೆಟ್ರೋವ್ ವಿದ್ಯುತ್ ಚಾಪವನ್ನು ಕುರಿತು ಪ್ರಯೋಗಗಳನ್ನು ನಡೆಸಿದನು. ಅದೇ ಕಾಲದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯೂ ಅದನ್ನು ಪರಿಶೀಲಿಸಿದನು. ಚಾಪದ ಬೆಂಕಿಯಿಂದ ಲೋಹಗಳನ್ನು ಬೆಸೆಯುವ ಉಪಾಯವನ್ನು ನಿಕೊಲಾಯ್ ಬೆನಾರ್ಡೋಸ್ ಎಂಬುವನು ೧೮೮೦ರ ದಶಕದಲ್ಲಿ ರೂಢಿಗೆ ತಂದನು. ಇಂದು ಎಲ್ಲೆಡೆ ಬಳಕೆಯಲ್ಲಿರುವ, ಮೇಲೆ ಲೇಪವುಳ್ಳ ರಾಡು ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿಯ ಕಾಣಿಕೆ. ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕದ್ದು. ಮನುಷ್ಯನ ಕಣ್ಣು ಲಕ್ಷಾಂತರ ವರ್ಷಗಳಿಂದ ಸೂರ್ಯ, ಚಂದ್ರ, ಬೆಂಕಿಗಳ ಬೆಳಕಿಗೆ ಹೊಂದಿಕೊಂಡು ಬಂದದ್ದು. ನೂರೈವತ್ತು ವರ್ಷವೂ ತುಂಬದ ಈ ಬೆಳಕಿಗೆ ಅದರಲ್ಲಿ ಸಿದ್ಧತೆಯಿಲ್ಲ.

ಚಾಪದಿಂದ ಹೊರಡುವ ಕಿರಣಗಳಲ್ಲಿ ಕಣ್ಣಿಗೆ ಕಾಣುವವು ಒಂದು ಭಾಗ ಮಾತ್ರ. ನೇರಳೆಯಿಂದ ಕೆಂಪಿನವರೆಗೆ, ಎಂದರೆ ತರಂಗದ ಉದ್ದ ೪೦೦ರಿಂದ ೭೦೦ ನ್ಯಾನೊಮೀಟರಿನವರೆಗೆ ಇರುವ ಕಿರಣಗಳು ಕಾಣುತ್ತವೆ. ನೇರಳೆಗಿಂತ ಈಚಿನವು ನೇರಳಾತೀತ ಕಿರಣಗಳು. ಕೆಂಪಿಗಿಂತ ಆಚಿನವು ಅವಕೆಂಪು ಕಿರಣಗಳು. ಕುಲುಮೆಯ ಕೆಂಡದಲ್ಲಿ ಅವಕೆಂಪು ಕಿರಣ ಹೇರಳ, ನೇರಳಾತೀತ ಕಿರಣವಾದರೋ ಇಲ್ಲವೆಂಬಷ್ಟು ಕಡಿಮೆ. ಚಾಪದಲ್ಲಿ ಮೂರೂ ಧಾರಾಳ. ಈ ಮೂರು ಬಗೆಯ ಕಿರಣಗಳೂ ಕಣ್ಣನ್ನು ಒಂದೇ ಜಾಗದಲ್ಲಿ ಕೆಡಿಸುವುದಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಒಂದೊಂದೂ ಬೇರೆ ಬೇರೆ ಆಳಕ್ಕೆ ಇಳಿಯುವುದು; ಒಂದೊಂದರ ಕೇಡೂ ಬೇರೆ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕವಾದ ಪೊರೆಗೆ ಕಾರ್ನಿಯಾ ಎಂದು ಹೆಸರು. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ದೇಹದಲ್ಲಿಯೇ ಅತ್ಯಂತ ದಟ್ಟವಾಗಿ ನೋವಿನ ನರಗಳು ಹೆಣೆದುಕೊಂಡಿರುವ ಜಾಗ ಇದು. ಸಣ್ಣ ಧೂಳಿನ ಕಣ ಬಿದ್ದರೂ ಕಣ್ಣು ಚಡಪಡಿಸುವುದು ಈ ಕಾರಣದಿಂದಲೇ. ಚಾಪದ ನೇರಳಾತೀತ ಕಿರಣಗಳಲ್ಲಿ ತೀವ್ರವಾದವುಗಳನ್ನು ಕಾರ್ನಿಯಾ ತಾನೇ ಹೀರಿಕೊಂಡು ಒಳಗಿನ ಭಾಗಗಳನ್ನು ಕಾಯುವುದು. ಕಾಯುವಾಗ ತಾನು ಸುಟ್ಟುಕೊಳ್ಳುವುದು. ಅದರ ಮೇಲ್ಪದರದ ಕೋಶಗಳು ಗಾಯಗೊಂಡರೂ ಆ ಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಬೆಸುಗೆಗಾರನು ಕೆಲಸ ಮುಗಿಸಿ, ಕೈಕಾಲು ತೊಳೆದು, ಊಟಮಾಡಿ ಮಲಗುವನು. ಆರರಿಂದ ಹನ್ನೆರಡು ತಾಸುಗಳ ಅವಧಿಯಲ್ಲಿ ಆ ಕೋಶಗಳು ಸತ್ತು ಸಡಿಲಗೊಂಡು ಕಳಚುವುವು. ಕೆಳಗಿನ ನರಗಳ ತುದಿಗಳು ಬಯಲಾಗುವುವು. ನಡುರಾತ್ರಿಯಲ್ಲಿ ಅವನಿಗೆ ಕಣ್ಣಿಗೆ ಮರಳು ಹಾಕಿ ತಿಕ್ಕಿದಂತೆ ಎಚ್ಚರವಾಗುವುದು. ಕಣ್ಣು ಕೆಂಪೇರಿ, ನೀರು ಸುರಿದು, ರೆಪ್ಪೆ ಬಾತು, ಚಿಮಣಿಯ ಬೆಳಕನ್ನೂ ತಾಳಲಾರದೆ ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುವನು. ಹಿಮಾಲಯದ ಹಿಮದ ಮೇಲೆ ಬರಿಗಣ್ಣಿನಲ್ಲಿ ನಡೆದ ಯಾತ್ರಿಕರಿಗೂ ಸೈನಿಕರಿಗೂ ಬರುವ ಹಿಮಾಂಧತೆ ಎಂಬ ಬಾಧೆಯೂ ಇದೇ. ಕಾದ ಬಯಲುಸೀಮೆಯ ಊರಿನಲ್ಲಿ ಹಿಮದ ರೋಗ ಕಾಣಿಸಿಕೊಳ್ಳುವುದು ವಿಚಿತ್ರವೆನಿಸಿದರೂ ಸತ್ಯ.

ನೋವು ತಡವಾಗಿ ಬರುವುದೇ ಇಲ್ಲಿ ದೊಡ್ಡ ಮೋಸ. ಬೆಂಕಿಯನ್ನು ಮುಟ್ಟಿದ ಕೈ ತಕ್ಷಣ ಹಿಂದಕ್ಕೆ ಸರಿಯುವುದು. ಅಷ್ಟರಿಂದಲೇ ಮಗು ಪಾಠ ಕಲಿಯುವುದು. ಬೆಸುಗೆಯ ಬೆಳಕು ಅಂತಹ ಎಚ್ಚರಿಕೆಯನ್ನು ಕೊಡುವುದಿಲ್ಲ. ನೋಡಿದಾಗ ನೋವಿಲ್ಲ, ನೋವು ಬಂದಾಗ ನೋಡಿದ್ದು ನೆನಪಿಲ್ಲ. ಅಲ್ಲದೆ ಈ ಕೇಡು ಕಂತುಕಂತಾಗಿ ಕೂಡುವುದು. ಬೆಳಗಿನಿಂದ ಸಂಜೆಯವರೆಗೆ ಒಂದೊಂದು ಕ್ಷಣದಂತೆ ಹತ್ತಾರು ಸಲ ನೋಡಿದರೆ, ಅಷ್ಟೂ ಕ್ಷಣ ಒಟ್ಟಿಗೆ ನೋಡಿದಷ್ಟೇ ಆಯಿತು. ಉದ್ದನೆಯ ಬೆಸುಗೆ ಹಾಕುವಾಗ ಕೆಲಸಗಾರನು ಕರಿಗಾಜನ್ನು ಮುಖಕ್ಕೆ ಹಿಡಿಯದಿರುವುದು ಅಪರೂಪ. ಎರಡು ತುಂಡುಗಳನ್ನು ಸರಿಯಾಗಿ ಕೂಡಿಸಿಕೊಳ್ಳಲು ಅಲ್ಲಲ್ಲಿ ಒಂದೊಂದು ಚುಕ್ಕೆ ಬೆಸುಗೆ ಹಾಕುವಾಗಲೇ ಅವನು ಅಜಾಗರೂಕನಾಗುವನು. ಕರಿಗಾಜಿನೊಳಗಿನಿಂದ ರಾಡಿನ ತುದಿ ಕಾಣದು; ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಕಬ್ಬಿಣ; ಗಾಜನ್ನು ಹಿಡಿಯಲು ಮೂರನೆಯ ಕೈಯಿಲ್ಲ. ಆಗ ಕಣ್ಣು ಮುಚ್ಚಿಕೊಂಡೋ ಮುಖವನ್ನು ಓರೆಮಾಡಿಕೊಂಡೋ ರಾಡನ್ನು ತಾಗಿಸುವನು. ಕಣ್ಣಿನ ರೆಪ್ಪೆ ಬೆಳಕಿಗೆ ಬೆಚ್ಚಿ ಮುಚ್ಚಿಕೊಳ್ಳಲು ಸುಮಾರು ಕಾಲು ಸೆಕೆಂಡು ಬೇಕು. ಆ ಕಾಲು ಸೆಕೆಂಡಿನ ಲೆಕ್ಕವೇ ದಿನದ ಕೊನೆಗೆ ರಾತ್ರಿಯ ನೋವಾಗಿ ಮರಳುವುದು.

ಅಭ್ಯಾಸವಾದಂತೆ ಕಣ್ಣು ಗಟ್ಟಿಯಾಗುವುದೆಂಬ ನಂಬಿಕೆಯೊಂದು ಕೆಲಸಗಾರರಲ್ಲಿ ಕೆಲವರಿಗೆ ಉಂಟು. ಬಿಸಿಲಿನಲ್ಲಿ ದುಡಿದವನ ಚರ್ಮ ಕಪ್ಪಾಗಿ ಬಿಸಿಲನ್ನು ತಾಳುವ ಶಕ್ತಿಯನ್ನು ಸ್ವಲ್ಪ ಪಡೆಯುವುದು ನಿಜ. ಕಾರ್ನಿಯಾ ಕಪ್ಪಾಗಲಾರದು, ಕಪ್ಪಾದರೆ ನೋಟವೇ ಇರದು. ಆದುದರಿಂದ ಇಪ್ಪತ್ತು ವರ್ಷ ಕೆಲಸಮಾಡಿದವನ ಕಣ್ಣೂ ಹೊಸದಾಗಿ ಸೇರಿದ ಹುಡುಗನ ಕಣ್ಣೂ ಈ ಕಿರಣದ ಮುಂದೆ ಸಮಾನ.

ಇಂತಹ ರಾತ್ರಿಗಳಲ್ಲಿ ಮನೆಯವರು ಏನೇನೋ ಮಾಡುವರು. ಎದೆಹಾಲನ್ನು ಹಿಂಡುವುದು, ಹರಳೆಣ್ಣೆಯನ್ನು ಬಿಡುವುದು, ಆಲೂಗಡ್ಡೆಯ ಹೋಳನ್ನು ಕಟ್ಟುವುದು, ಇವೆಲ್ಲ ಮಮತೆಯಿಂದ ಮಾಡುವ ಉಪಚಾರಗಳೇ. ಆದರೆ ಮೇಲ್ಪದರ ಕಳಚಿದ ಕಾರ್ನಿಯಾ ತೆರೆದ ಗಾಯವಿದ್ದಂತೆ; ಶುದ್ಧವಲ್ಲದ ಯಾವ ವಸ್ತು ಬಿದ್ದರೂ ಅದಕ್ಕೆ ನಂಜಾಗುವ ಭಯವುಂಟು. ನಂಜಾಗಿ ಹುಣ್ಣಾದರೆ, ಮಾಸಿದ ಮೇಲೂ ಬಿಳಿಯ ಕಲೆ ಉಳಿದು ನೋಟವನ್ನು ಮರೆಮಾಡುವುದು. ಎರಡು ದಿನದಲ್ಲಿ ತಾನಾಗಿ ಮಾಯಬಹುದಾದ ಬಾಧೆ ಹೀಗೆ ಜೀವಮಾನದ ಕುರುಡಾಗಿ ಪರಿಣಮಿಸುವುದುಂಟು. ಕಣ್ಣನ್ನು ತಿಕ್ಕದೆ, ಶುಚಿಯಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಮುಚ್ಚಿದ ರೆಪ್ಪೆಯ ಮೇಲಿರಿಸಿ, ಕತ್ತಲೆಯ ಕೋಣೆಯಲ್ಲಿ ವಿಶ್ರಮಿಸಿ, ಬೆಳಗಾದೊಡನೆ ವೈದ್ಯರಲ್ಲಿಗೆ ಹೋಗುವುದೇ ಸರಿಯಾದ ದಾರಿ. ಕಾರ್ನಿಯಾದ ಮೇಲ್ಪದರ ಬೇಗ ಬೆಳೆಯುವ ಗುಣವುಳ್ಳದ್ದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದು ಮತ್ತೆ ಕೂಡಿಕೊಳ್ಳುವುದು.

ಇದಕ್ಕಿಂತ ಅಪಾಯಕರವಾದದ್ದು ಇನ್ನೊಂದಿದೆ. ವೈದ್ಯರು ಪರೀಕ್ಷೆಗೆಂದು ಕಣ್ಣನ್ನು ಮರಗಟ್ಟಿಸುವ ಔಷಧದ ಒಂದು ಹನಿಯನ್ನು ಹಾಕಿದಾಗ ನೋವು ಮಾಯವಾದಂತೆ ಅಡಗುವುದು. ಆ ಸುಖವನ್ನು ಕಂಡ ರೋಗಿ ಅದೇ ಹನಿಯನ್ನು ಅಂಗಡಿಯಿಂದ ಕೊಂಡು, ನೋವಾದಾಗಲೆಲ್ಲ ಹಾಕಿಕೊಳ್ಳಲು ತೊಡಗಿದರೆ ಗಾಯ ಮಾಯುವುದೇ ಇಲ್ಲ. ಆ ಔಷಧವು ಹೊಸ ಕೋಶಗಳ ಬೆಳವಣಿಗೆಯನ್ನು ತಡೆಯುವುದು. ಮರಗಟ್ಟಿದ ಕಣ್ಣಿಗೆ ಬಿದ್ದ ಧೂಳೂ ತಿಳಿಯದು. ಮರುದಿನದ ಕೂಲಿ ತಪ್ಪಬಾರದೆಂದು ಹೀಗೆ ಮಾಡಿದವನು ಕಣ್ಣನ್ನೇ ತೆತ್ತಾನು.

ನೇರಳಾತೀತ ಕಿರಣದ ಮಾತು ಇಷ್ಟಾಯಿತು. ಅವಕೆಂಪು ಕಿರಣದ ದಾರಿ ಬೇರೆ. ಅದು ಕಾರ್ನಿಯಾವನ್ನು ದಾಟಿ ಒಳಗಿನ ಮಸೂರವನ್ನು ತಟ್ಟುವುದು. ವರ್ಷಗಟ್ಟಲೆ ಕಾಯಿಸಿ, ಮಸೂರವನ್ನು ಮಬ್ಬಾಗಿಸುವುದು. ಗಾಜಿನ ಕುಲುಮೆಗಳಲ್ಲಿ ದುಡಿಯುವವರಿಗೆ ಕಣ್ಣಿನ ಪೊರೆ ಬೇಗ ಬರುತ್ತಿದ್ದುದನ್ನು ಕಂಡು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ನೂರಾರು ಬಗೆಯ ಗಾಜುಗಳನ್ನು ತಯಾರಿಸಿ ಪರೀಕ್ಷಿಸಿದನು. ೧೯೧೩ರ ಹೊತ್ತಿಗೆ, ಕೇಡಿನ ಕಿರಣಗಳನ್ನು ತಡೆಯುವ ಗಾಜನ್ನು ಅವನು ಸಿದ್ಧಪಡಿಸಿದ್ದನು. ಆಗ ಅವನಿಗೆ ಎಂಬತ್ತು ದಾಟಿತ್ತು. ಇಂದು ಬೆಸುಗೆಗಾರರು ಹಿಡಿಯುವ ಕರಿಗಾಜು ಅಂತಹ ಪ್ರಯತ್ನಗಳ ಫಲ.

ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯುಂಟು. ಹಿಂದಿನ ಅವಿಭಜಿತ ವಿಜಾಪುರ ಜಿಲ್ಲೆಯ ಜನಕ್ಕೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಊರೂರಿಗೆ ತಿರುಗಿ, ಶಾಲೆ ಛತ್ರಗಳಲ್ಲಿ ಶಿಬಿರಗಳನ್ನು ನಡೆಸಿ, ಲಕ್ಷಾಂತರ ಬಡವರ ಕಣ್ಣಿನ ಪೊರೆಯನ್ನು ತೆಗೆದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು ಆ ಜಿಲ್ಲೆಯ ಬೀಳಗಿಯವರು. ೧೯೧೬ರಲ್ಲಿ ಜನಿಸಿ ೨೦೦೫ರಲ್ಲಿ ತೀರಿಕೊಂಡ ಅವರಿಗೆ ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು. ಒಂದೇ ದಿನದಲ್ಲಿ ೮೩೩ ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದರೆಂದು ಗಿನ್ನೆಸ್ ದಾಖಲೆಗಳ ಪುಸ್ತಕ ಅವರನ್ನು ಹೆಸರಿಸಿತು. ಮಬ್ಬಾದ ಮಸೂರವನ್ನು ತೆಗೆದು ನೋಟವನ್ನು ಮರಳಿಸಬಹುದು ಎಂಬುದಕ್ಕೆ ಈ ಸೀಮೆಯ ಹಳ್ಳಿಹಳ್ಳಿಗಳೇ ಸಾಕ್ಷಿ. ಆದರೆ ಮೋದಿಯವರಂತಹ ಕೈಗೂ ಮೀರಿದ ಒಂದು ಗಾಯವಿದೆ. ಅದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಗಾಯ.

ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಅರಳೆಯನ್ನು ಹೊತ್ತಿಸುವ ಆಟವನ್ನು ಆಡದ ಹುಡುಗರಿಲ್ಲ. ಕಣ್ಣಿನಲ್ಲಿಯೂ ಅಂತಹದೇ ಮಸೂರವಿದೆ. ಅದರ ಬಿಂಬ ಬೀಳುವ ಜಾಗವೇ ಅಕ್ಷಿಪಟಲ. ಕಣ್ಣಿಗೆ ಕಾಣುವ ಪ್ರಖರವಾದ ಬೆಳಕು, ಅದರಲ್ಲಿಯೂ ನೀಲಿಯ ಅಂಶ, ಆ ಪಟಲದ ನಟ್ಟನಡುವಿನ ಸೂಕ್ಷ್ಮಭಾಗವನ್ನು ಹಾಳುಮಾಡಬಲ್ಲದು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿನವರ ಮುಖವನ್ನು ಗುರುತಿಸುವುದು, ಎಲ್ಲವೂ ಆ ಭಾಗದ ಕೆಲಸ. ಕಾರ್ನಿಯಾದಲ್ಲಿ ನೋವಿನ ನರಗಳು ದಟ್ಟವಾಗಿದ್ದರೆ ಅಕ್ಷಿಪಟಲದಲ್ಲಿ ಅವು ಇಲ್ಲವೇ ಇಲ್ಲ. ಆದುದರಿಂದ ಅದು ಸುಟ್ಟರೂ ತಿಳಿಯುವುದಿಲ್ಲ. ನೋಡುವ ವಸ್ತುವಿನ ನಡುವೆ ಒಂದು ಮಸುಕು ಚುಕ್ಕೆ ನಿಂತಾಗಲೇ ತಿಳಿಯುವುದು. ಕೆಲವರಿಗೆ ತಿಂಗಳುಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ತಿಳಿಯಾಗುವುದು. ಕೆಲವರಿಗೆ ಉಳಿದೇ ಬಿಡುವುದು.

ಬೆಳಕಿನ ರಹಸ್ಯವನ್ನು ಬಿಡಿಸಿದ ನ್ಯೂಟನ್ನನೇ ಯೌವನದಲ್ಲಿ ಈ ಸಾಹಸಕ್ಕಿಳಿದಿದ್ದನು. ಕನ್ನಡಿಯಲ್ಲಿ ಸೂರ್ಯನ ಬಿಂಬವನ್ನು ಮತ್ತೆ ಮತ್ತೆ ನೋಡಿ, ಕಣ್ಣಿನಲ್ಲಿ ಆ ಬಿಂಬ ಅಳಿಯದೆ ನಿಲ್ಲಲು, ಮೂರು ದಿನ ಕತ್ತಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದನೆಂದು ೧೬೯೧ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕನಿಗೆ ಅವನು ಬರೆದ ಪತ್ರದಿಂದ ತಿಳಿದುಬರುವುದು. ಅವನ ಕಣ್ಣು ಉಳಿಯಿತು, ಅದು ಅದೃಷ್ಟ.

೧೯೮೦ರ ಫೆಬ್ರವರಿ ೧೬ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರುಗಳ ಮೂಲಕ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಬೀಡುಬಿಟ್ಟು ಅದನ್ನು ವೀಕ್ಷಿಸಿದರು. ಜನಸಾಮಾನ್ಯರಾದರೋ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೆ ಕುಳಿತರು. ಬೀದಿಗಳು ಬಿಕೋ ಎನ್ನುತ್ತಿದ್ದವು. ಆ ಭಯದಲ್ಲಿ ಅರ್ಧದಷ್ಟು ವಿವೇಕವಿತ್ತೆಂದೇ ಹೇಳಬೇಕು. ಸೂರ್ಯನು ಪೂರ್ಣವಾಗಿ ಮರೆಯಾಗಿದ್ದ ಎರಡು ನಿಮಿಷಕ್ಕೂ ಮಿಕ್ಕ ಅವಧಿಯನ್ನು ಬಿಟ್ಟರೆ, ಉಳಿದ ಹೊತ್ತಿನಲ್ಲಿ ಅವನ ಒಂದು ತುಣುಕನ್ನು ಬರಿಗಣ್ಣಿನಲ್ಲಿ ನೋಡುವುದೂ ಅಪಾಯವೇ. ಬೆಸುಗೆಗಾರನ ಕರಿಗಾಜಿಗೆ ಅಂತಹ ದಿನಗಳಲ್ಲಿ ಬೇಡಿಕೆ ಹೆಚ್ಚುವುದು. ೨೦೧೯ರ ಡಿಸೆಂಬರ್ ೨೬ರಂದು ಮಂಗಳೂರು, ಕಾಸರಗೋಡು, ಕೊಡಗುಗಳಲ್ಲಿ ಸೂರ್ಯನು ಬಳೆಯಂತೆ ಕಂಡಾಗಲೂ ನೋಡುವ ಸಾಧನಗಳಲ್ಲಿ ಕರಿಗಾಜೂ ಒಂದಾಗಿತ್ತು. ಆದರೆ ಕರಿಗಾಜುಗಳೆಲ್ಲ ಒಂದೇ ಅಲ್ಲ. ಪ್ರತಿಯೊಂದು ಗಾಜಿನ ಮೇಲೂ ಒಂದು ಅಂಕಿ ಇರಬೇಕು. ಇಡೀ ವಿಷಯದ ತಿರುಳು ಆ ಅಂಕಿಯಲ್ಲಿದೆ.

ಅಂಕಿ ಹೆಚ್ಚಿದಂತೆ ಗಾಜು ಹೆಚ್ಚು ಕಪ್ಪು. ಒಂದು ಅಂಕಿ ಏರಿದರೆ ಒಳಬರುವ ಬೆಳಕು ಎರಡೂವರೆ ಪಟ್ಟಿಗಿಂತಲೂ ಸ್ವಲ್ಪ ಹೆಚ್ಚಾಗಿ ಇಳಿಯುವುದು. ೫ರ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಐವತ್ತರಲ್ಲಿ ಒಂದು ಪಾಲನ್ನು ಒಳಬಿಡುವುದು. ೧೦ರ ಗಾಜು ಸುಮಾರು ೭,೨೦೦ರಲ್ಲಿ ಒಂದು ಪಾಲನ್ನು. ೧೨ರ ಗಾಜು ೫೨,೦೦೦ರಲ್ಲಿ ಒಂದನ್ನು. ೧೪ರ ಗಾಜು ಮೂರು ಲಕ್ಷದ ಎಪ್ಪತ್ತು ಸಾವಿರದಲ್ಲಿ ಒಂದನ್ನು ಮಾತ್ರ. ಅನಿಲದ ಜ್ವಾಲೆಯಿಂದ ಬೆಸೆಯುವವರು ತೊಡುವ ಕನ್ನಡಕ ೫ರ ಸುಮಾರಿನದು. ಅದು ಆ ಕೆಲಸಕ್ಕೆ ತಕ್ಕುದೇ. ಅದನ್ನೇ ತೊಟ್ಟು ವಿದ್ಯುತ್ ಚಾಪವನ್ನು ನೋಡಿದವನ ಕಣ್ಣಿಗೆ, ಸರಿಯಾದ ಗಾಜಿನಿಂದ ಬರಬೇಕಾದುದಕ್ಕಿಂತ ನೂರನಲವತ್ತು ಪಟ್ಟು ಬೆಳಕು ನುಗ್ಗುವುದು. ೧೬೦ ಆಂಪಿಯರಿನವರೆಗಿನ ಸಾಧಾರಣ ಕೆಲಸಕ್ಕೆ ೧೦, ಅದಕ್ಕೂ ಮೇಲೆ ೨೫೦ರವರೆಗೆ ೧೨, ಹೀಗೆ ಪ್ರವಾಹ ಏರಿದಂತೆ ಅಂಕಿಯೂ ಏರಬೇಕು. ಸೂರ್ಯನಿಗೆ ೧೪ ಬೇಕು. ಸಂತೆಯಲ್ಲಿ ಸಿಗುವ ಬಣ್ಣದ ತಂಪು ಕನ್ನಡಕವಂತೂ ಈ ಲೆಕ್ಕಕ್ಕೇ ಬಾರದು. ಅದು ಪಾಪೆಯನ್ನು ಹಿಗ್ಗಿಸಿ ಕೇಡಿಗೆ ಬಾಗಿಲನ್ನು ಇನ್ನಷ್ಟು ತೆರೆಯಲೂಬಹುದು. ಗ್ರಹಣವನ್ನು ಸಗಣಿನೀರಿನಲ್ಲಿ ನೋಡುವ ಹಳೆಯ ರೂಢಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಸೂರ್ಯನು ನೆತ್ತಿಯ ಮೇಲಿದ್ದಾಗ ನೀರು ನೂರಕ್ಕೆ ಎರಡು ಪಾಲು ಬೆಳಕನ್ನು ಪ್ರತಿಫಲಿಸುವುದು. ಎಂದರೆ ಅದು ೫ರ ಗಾಜಿಗೆ ಸಮ. ಹಿರಿಯರ ಉದ್ದೇಶ ಒಳ್ಳೆಯದಾದರೂ ಸೂರ್ಯನಿಗೆ ಅದು ಸಾಲದು.

ಗಾಜು ಸರಿಯಾಗಿದ್ದರೂ ಅದರ ಸ್ಥಿತಿಯನ್ನು ನೋಡಬೇಕು. ಸಿಡಿಯುವ ಕಿಡಿಗಳು ತಾಗಿ ಹಾಳಾಗದಂತೆ ಕರಿಗಾಜಿನ ಮುಂದೆ ಒಂದು ಬಿಳಿಗಾಜನ್ನು ಕೂಡಿಸುವುದು ಪದ್ಧತಿ. ಕಿಡಿ ಬಿದ್ದು ಬಿಳಿಗಾಜು ಮಸುಕಾದರೆ ಕೆಲಸ ಕಾಣದೆ ಬೆಸುಗೆಗಾರನು ಗಾಜನ್ನು ಪಕ್ಕಕ್ಕೆ ಸರಿಸಿ ಇಣುಕತೊಡಗುವನು. ಹತ್ತಿಪ್ಪತ್ತು ರೂಪಾಯಿಯ ಗಾಜನ್ನು ಬದಲಿಸದ ಜಿಪುಣತನ ಕಣ್ಣಿಗೆ ಎರವಾಗುವುದು ಹೀಗೆ. ಕರಿಗಾಜು ಬಿರುಕುಬಿಟ್ಟಿದ್ದರೆ ಆ ಬಿರುಕಿನ ಗೆರೆಯ ಉದ್ದಕ್ಕೂ ಬೆಳಕು ತಡೆಯಿಲ್ಲದೆ ಒಳಬರುವುದು. ಈಚೆಗೆ, ಚಾಪ ಹೊತ್ತಿದ ಕೂಡಲೇ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿ ತಾನೇ ಕಪ್ಪಾಗುವ ಗಾಜುಳ್ಳ ಶಿರಸ್ತ್ರಾಣಗಳು ಬಂದಿವೆ. ತಲೆಗೆ ತೊಡುವಂತಹದಾದ್ದರಿಂದ ಎರಡು ಕೈಗಳೂ ಬಿಡುವಾಗಿರುವುವು. ರಾಡಿನ ತುದಿಯೂ ಮೊದಲೇ ಕಾಣುವುದು. ಚುಕ್ಕೆ ಬೆಸುಗೆಯ ತೊಡಕಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇನ್ನೂ ದೊರೆತಿಲ್ಲ.

ಕಿರಣಗಳ ಜೊತೆಗೆ ಕಣಗಳೂ ಇವೆ. ಬೆಸುಗೆ ಆರಿದ ಮೇಲೆ ಅದರ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಕೆತ್ತುವಾಗ ಚೂರುಗಳು ಸಿಡಿಯುವುವು. ಗ್ರೈಂಡರ್ ತಿರುಗುವಾಗ ಕಬ್ಬಿಣದ ಕಣಗಳು ಚಿಮ್ಮುವುವು. ಬೆಳಕು ಆರಿತೆಂದು ಕರಿಗಾಜನ್ನು ಕೆಳಗಿಟ್ಟ ಹೊತ್ತಿನಲ್ಲಿಯೇ ಈ ಅಪಾಯ ಬರುವುದರಿಂದ ಆ ಕೆಲಸಕ್ಕೆ ಗಟ್ಟಿಯಾದ ಬಿಳಿಯ ಕನ್ನಡಕವಿರಬೇಕು. ಕಾರ್ನಿಯಾದಲ್ಲಿ ನೆಟ್ಟ ಕಬ್ಬಿಣದ ಕಣ ಒಂದೆರಡು ದಿನಗಳಲ್ಲಿ ತುಕ್ಕು ಹಿಡಿದು ಸುತ್ತಲೂ ಕಂದುಬಣ್ಣದ ಬಳೆಯನ್ನು ಬಿಡುವುದು. ಜೊತೆಗಾರನು ಬಟ್ಟೆಯ ತುದಿಯಿಂದಲೋ ಕಡ್ಡಿಯಿಂದಲೋ ಅದನ್ನು ಕೀಳಲು ಹೋಗಬಾರದು. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ ತೆಗೆಯಬೇಕಾದ ಕೆಲಸವದು.

ಇಷ್ಟು ಹೊತ್ತು ಬೆಸುಗೆಗಾರನ ಕಣ್ಣಿನ ವಿಚಾರವಾಯಿತು. ಅವನ ಕೈಯಲ್ಲಿ ಗಾಜಾದರೂ ಇದೆ. ಕಬ್ಬಿಣವನ್ನು ಎತ್ತಿ ಹಿಡಿದು ನಿಂತಿರುವ ಸಹಾಯಕನಿಗೆ, ಟ್ರೇಲರನ್ನು ತಂದು ಕಾಯುತ್ತ ಕುಳಿತ ರೈತನಿಗೆ, ಪಕ್ಕದ ಚಹದ ಅಂಗಡಿಯ ಹುಡುಗನಿಗೆ ಏನಿದೆ? ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದೆಂಬುದು ಭೌತವಿಜ್ಞಾನದ ನಿಯಮ. ದೂರ ಎರಡರಷ್ಟಾದರೆ ತೀವ್ರತೆ ಕಾಲುಭಾಗ. ಹತ್ತರಷ್ಟಾದರೆ ನೂರರಲ್ಲಿ ಒಂದು ಭಾಗ. ಅರ್ಧ ಮೀಟರ್ ದೂರದಲ್ಲಿ ಹತ್ತು ಸೆಕೆಂಡುಗಳಲ್ಲಿ ಬೀಳುವಷ್ಟು ಕಿರಣ ಐದು ಮೀಟರ್ ದೂರದಲ್ಲಿ ಬೀಳಲು ಸಾವಿರ ಸೆಕೆಂಡು, ಎಂದರೆ ಹದಿನೇಳು ನಿಮಿಷದಷ್ಟು ಬೇಕು. ಈ ಲೆಕ್ಕ ಎರಡು ಮಾತನ್ನು ಹೇಳುವುದು. ದೂರ ಸರಿದು ನಿಲ್ಲುವುದರಿಂದ ನಿಜವಾಗಿಯೂ ಪ್ರಯೋಜನವಿದೆ. ಆದರೆ ಇಡೀ ದಿನ ಅಲ್ಲಿಯೇ ಕುಳಿತಿರುವವನಿಗೆ ದೂರವೊಂದೇ ಸಾಲದು. ನೋಡದೆ ಬೆನ್ನು ತಿರುಗಿಸಿ ನಿಂತರೂ, ಎದುರಿನ ಸುಣ್ಣದ ಗೋಡೆಯಿಂದಲೋ ಹೊಳೆಯುವ ತಗಡಿನಿಂದಲೋ ಕಿರಣಗಳು ಮರಳಿ ಬರುವುದುಂಟು.

೧೯೪೮ರ ಕಾರ್ಖಾನೆಗಳ ಕಾಯ್ದೆಯು ತನ್ನ ೩೫ನೆಯ ಪ್ರಕರಣದಲ್ಲಿ, ಸಿಡಿಯುವ ಚೂರುಗಳಿಂದಾಗಲಿ ಅತಿಯಾದ ಬೆಳಕಿನಿಂದಾಗಲಿ ಕಣ್ಣಿಗೆ ಕೇಡಾಗುವ ಕೆಲಸಗಳಲ್ಲಿ ತಕ್ಕ ಮರೆಗಳನ್ನು ಅಥವಾ ಕನ್ನಡಕಗಳನ್ನು ಒದಗಿಸಬೇಕೆಂದು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ಮರೆ ಮೊದಲು, ಕನ್ನಡಕ ಆಮೇಲೆ ಎಂಬ ಅದರ ಕ್ರಮ ಅರ್ಥಪೂರ್ಣವಾದದ್ದು. ಕನ್ನಡಕ ಒಬ್ಬನನ್ನು ಕಾಯುವುದು, ಮರೆ ಎಲ್ಲರನ್ನೂ. ಆದರೆ ವಿದ್ಯುಚ್ಛಕ್ತಿಯನ್ನು ಬಳಸಿ ಹತ್ತು ಮಂದಿಯಾದರೂ ದುಡಿಯುವ ಜಾಗಕ್ಕೆ ಮಾತ್ರ ಆ ಕಾಯ್ದೆ ಕಾರ್ಖಾನೆಯೆಂದು ಹೆಸರಿಟ್ಟಿತು. ಇಬ್ಬರೋ ಮೂವರೋ ಇರುವ ರಸ್ತೆಬದಿಯ ಅಂಗಡಿ ಅದರ ಕಣ್ಣಿಗೆ ಬೀಳಲಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೆಸುಗೆಯ ವೃತ್ತಿಯನ್ನು ಒಂದು ವರ್ಷ ಕಲಿತವರಿಗೆ ಗಾಜಿನ ಅಂಕಿಯ ಪರಿಚಯವಿರುವುದು. ಅಂಗಡಿಯಲ್ಲಿ ನೋಡಿ ನೋಡಿಯೇ ಕಲಿತವರಿಗೆ ಅದನ್ನು ಹೇಳುವವರು ವಿರಳ.

ಅಂಗಡಿಗೆ ಮರೆ ಕಟ್ಟಲು ಹೆಚ್ಚಿನ ಖರ್ಚು ಬೇಕಾಗಿಲ್ಲ. ಅಲ್ಲಿಯೇ ಬಿದ್ದಿರುವ ಆಂಗಲ್ ತುಂಡುಗಳಿಂದ ಒಂದು ಚೌಕಟ್ಟನ್ನು ಬೆಸೆದು, ಎರಡು ಗಾಲಿಗಳನ್ನು ಕೂಡಿಸಿ, ಹಳೆಯ ತಗಡನ್ನು ಬಡಿದರೆ ಆಯಿತು. ತಗಡು ಹೊಳೆಯದಂತೆ ಹೊಳಪಿಲ್ಲದ ಕಡುಬಣ್ಣವನ್ನು ಬಳಿಯಬೇಕು. ಹೊಗೆ ಹೊರಹೋಗಲು, ಗಾಳಿ ಒಳಬರಲು ಕೆಳಗೆ ಒಂದು ಗೇಣು ಜಾಗ ಬಿಡಬೇಕು. ಎತ್ತರವು ನಿಂತ ಮನುಷ್ಯನ ತಲೆಯನ್ನು ಮೀರಿರಬೇಕು. ಟ್ರೇಲರು ದೊಡ್ಡದಾಗಿ ಮರೆಯೊಳಗೆ ಹಿಡಿಸದಿದ್ದರೆ, ಮರೆಯನ್ನೇ ಉರುಳಿಸಿಕೊಂಡು ಹೋಗಿ ರಸ್ತೆಯ ಕಡೆಗೆ ನಿಲ್ಲಿಸಬಹುದು. ರಾಡನ್ನು ತಾಗಿಸುವ ಮೊದಲು ಬೆಸುಗೆಗಾರನು ‘ಕಣ್ಣು’ ಎಂದು ಒಮ್ಮೆ ಕೂಗಿದರೆ, ಕಬ್ಬಿಣ ಹಿಡಿದು ನಿಂತ ಹುಡುಗನಿಗೆ ಮುಖ ತಿರುಗಿಸಲು ಅಷ್ಟು ಸಮಯ ಸಾಕು.